ಟೆಂಟಿನೊಳಗಿನ ನೀರು ಎಲ್ಲಿಂದ ಬಂತು?

*ವರ್ಷಾವಾಸದ ಅಧ್ಯಯನ: ಇಂದಿನ ಚಿಂತನೆ*

ಹಿಂದಿನ ಪಾಠ ಮುಗಿದ ಮೇಲೆ ನಮ್ಮ ಬಳಗದ ತಂಗಿಯೊಬ್ಬಳು ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದಳು. ಧಮ್ಮಪದದ ಯಮಕವಗ್ಗದಲ್ಲಿ ಮಳೆಯ ಹೋಲಿಕೆಯೊಂದು ಬರುತ್ತದೆ. ಅಲ್ಲಿ ಮನಸ್ಸು ಎಂದರೆ ಮನೆ, ರಾಗ ಎಂದರೆ ಮಳೆ. ಸೂರು ಗಟ್ಟಿಯಾಗಿದ್ದರೆ ಮನೆ ಸೋರುವುದಿಲ್ಲ ಎಂಬುದು ತಾತ್ಪರ್ಯ. ಉದಾನದ ಉಪೋಸಥ ಸುತ್ತದ ಕೊನೆಯಲ್ಲೂ ಮಳೆಯ ಹೋಲಿಕೆ ಇದೆ. ಆದರೆ ಅದು ತಿರುಗುಮುರುಗು. ಅಲ್ಲಿ ಮಳೆಗೆ ತೊಯ್ಯುವುದು ಮುಚ್ಚಿಟ್ಟದ್ದು, ತೆರೆದಿಟ್ಟದ್ದಲ್ಲ. "ಮೇಷ್ಟ್ರೇ, ಹಾಗಾದರೆ ನಾವು ಮುಚ್ಚಬೇಕೋ, ತೆರೆಯಬೇಕೋ?" ಎಂಬುದು ಅವಳ ಪ್ರಶ್ನೆ.

ಇದಕ್ಕೆ ಉತ್ತರವನ್ನು ಟೀಕಾಗ್ರಂಥಗಳಲ್ಲಿ ಹುಡುಕಬಹುದು. ನಾನು ಇವತ್ತು ಒಂದು ಕೆಜಿ ತೂಕದ ಟೆಂಟಿನೊಳಗೆ ಹುಡುಕಲು ಹೊರಟಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

*1. ಒಂದೇ ಪದ, ಎರಡು ಕೆಲಸ*

ಮೊದಲು ಪದ ನೋಡೋಣ. ಧಮ್ಮಪದದ ಹೋಲಿಕೆಯಲ್ಲಿ ಬರುವ ಪದ 'ಸುಚ್ಛನ್ನ', ಅಂದರೆ ಚೆನ್ನಾಗಿ ಹೊದಿಸಿದ್ದು. ಉದಾನದಲ್ಲಿ ಬರುವುದು ಬರಿಯ 'ಛನ್ನ', ಮುಚ್ಚಿದ್ದು. ಮೂಲ ಒಂದೇ. ನಮ್ಮ 'ಛತ್ರಿ'ಯಲ್ಲಿ ಇರುವುದೂ ಅದೇ, 'ಪ್ರಚ್ಛನ್ನ'ದಲ್ಲಿ ಇರುವುದೂ ಅದೇ. ಛತ್ರಿ ಕಾಪಾಡುವ ಹೊದಿಕೆ, ಪ್ರಚ್ಛನ್ನ ಅಡಗಿಸುವ ಹೊದಿಕೆ. 'ತೆರೆದದ್ದು' ಎಂಬುದಕ್ಕೆ ಉದಾನ ಬಳಸುವ ಪದ 'ವಿವಟ', ಸಂಸ್ಕೃತದ 'ವಿವೃತ'. ನಾವು ತರಗತಿಯಲ್ಲಿ ದಿನವೂ ಹೇಳುವ 'ವಿವರಣೆ' ಅದರ ಅಕ್ಕತಂಗಿ. ವಿವರಿಸುವುದು ಎಂದರೆ ಮುಚ್ಚಳ ತೆಗೆದು ತೋರಿಸುವುದು.

ಅಂದರೆ ಹೊದಿಕೆಗೆ ಎರಡು ಗುಣ. ಅದು ಹೊರಗಿನದನ್ನು ತಡೆಯುತ್ತದೆ, ಒಳಗಿನದನ್ನು ಕೂಡಿಡುತ್ತದೆ. ಮನೆ ದೊಡ್ಡದಿದ್ದಾಗ ಈ ಎರಡನೆಯ ಗುಣ ನಮ್ಮ ಗಮನಕ್ಕೆ ಬರುವುದಿಲ್ಲ. ಒಬ್ಬರೇ ಮಲಗುವ ಟೆಂಟಿನಲ್ಲಿ ಒಂದೇ ರಾತ್ರಿಗೆ ಅರ್ಥವಾಗುತ್ತದೆ.

*2. ಒಬ್ಬರ ಟೆಂಟು ಎಂದರೆ*

ದಸರಾ ರಜೆ ಬಂದಾಗ ನಾನು ಬೆನ್ನಚೀಲ ಹಾಕಿಕೊಂಡು ನಡೆಯಲು ಹೋಗುವುದುಂಟು. ನನಗೆ ಇಷ್ಟವಾದ ದಾರಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಜಾಗಗಳಲ್ಲಿ ಸಾಮ್ರಾಟ ಅಶೋಕನ ಬಂಡೆಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ನಮ್ಮ ನಾಡಿನ ನೆಲದಲ್ಲಿ ಧಮ್ಮದ ಮಾತು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬಂಡೆಯ ಮೇಲೆ ಬಿದ್ದಿತ್ತು ಎಂಬುದಕ್ಕೆ ಅವು ಸಾಕ್ಷಿ. ಸ್ಮಾರಕದ ಆವರಣದಲ್ಲಿ ಟೆಂಟು ಹಾಕುವಂತಿಲ್ಲ, ಹಾಕಲೂ ಬಾರದು. ದೂರದ ಹೊಲದಲ್ಲಿ, ಹೊಲದವರ ಒಪ್ಪಿಗೆ ಕೇಳಿ ರಾತ್ರಿ ಕಳೆಯಬೇಕು. ಅದು ಬಯಲುಸೀಮೆ. ಒಣನಾಡು ಎಂದು ಹೆಸರು. ಆದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದರೆ ಅಕ್ಟೋಬರಿನಲ್ಲಿ ಅಲ್ಲಿಯೂ ಹಗಲು ರಾತ್ರಿ ಜಡಿಮಳೆ ಹಿಡಿಯುತ್ತದೆ.

ಒಬ್ಬರ ಟೆಂಟು ಏಳು ಅಡಿ ಉದ್ದ, ಮೂರಡಿಗಿಂತ ಕಡಿಮೆ ಅಗಲ. ನಡುವೆ ಮಾತ್ರ ಎದ್ದು ಕೂರಬಹುದು. ತೂಕ ಒಂದು ಕೆಜಿ ಆಸುಪಾಸು. ಸಾಮಾನ್ಯವಾಗಿ ಎರಡು ಪದರ. ಒಳಗೆ ಸೊಳ್ಳೆಪರದೆಯಂಥ ಬಲೆಬಟ್ಟೆ, ಅದರ ಮೇಲೆ ನೀರು ಹೋಗದ ಫ್ಲೈ ಎಂಬ ಹೊರಹೊದಿಕೆ. ಇನ್ನೂ ಹಗುರವಾಗಲಿ ಎಂದು ಒಂದೇ ಪದರದಲ್ಲಿ ಮಾಡಿದವೂ ಇವೆ. ಬಟ್ಟೆ ತೆಳು ನೈಲಾನ್ ಅಥವಾ ಪಾಲಿಯೆಸ್ಟರ್. ಅದಕ್ಕೆ ಸಿಲಿಕೋನ್ ಅಥವಾ ಪಾಲಿಯುರಥೇನ್ ಲೇಪ.

ಭಿಕ್ಖುವಿಗೆ ಬೇಕಾದ ನಾಲ್ಕೇ ನಾಲ್ಕು ವಸ್ತುಗಳು ಎಂದು ನಾವು ಓದಿದ್ದೇವೆ: ಚೀವರ, ಪಿಂಡಪಾತ, ಸೇನಾಸನ, ಭೇಸಜ್ಜ. ಮೂರನೆಯ ಸೇನಾಸನ ಎಂದರೆ ಮಲಗುವ, ಕೂರುವ ಜಾಗ. ಅದನ್ನು ಏತಕ್ಕಾಗಿ ಬಳಸುತ್ತೇನೆ ಎಂದು ಭಿಕ್ಖು ಪ್ರತಿಸಲ ನೆನೆಯಬೇಕು. ಚಳಿ, ಬಿಸಿಲು, ಗಾಳಿ, ಸೊಳ್ಳೆ, ಹುಳುಹುಪ್ಪಟೆಗಳಿಂದ ಕಾಪಾಡಿಕೊಳ್ಳಲು. ಅಷ್ಟೇ. ಒಂದು ಕೆಜಿಯ ಟೆಂಟು ಮಾಡುವುದೂ ಅಷ್ಟೇ ಕೆಲಸ.

*3. ಹೊರಗಿನ ನೀರು*

ಮಳೆ ನಿಜ. ಗಾಳಿ ನಿಜ. ಅವುಗಳನ್ನು ತಡೆಯುವ ಕೆಲಸವನ್ನು ಮನಸ್ಸಿನ ಸಮಾಧಾನ ಮಾಡುವುದಿಲ್ಲ, ಮಂತ್ರ ಮಾಡುವುದಿಲ್ಲ. ಬಟ್ಟೆ, ಹೊಲಿಗೆ, ಗೂಟ, ಜಾಗ ಈ ನಾಲ್ಕು ಮಾಡಬೇಕು.

ಬಟ್ಟೆ ಎಷ್ಟು ನೀರು ತಡೆಯುತ್ತದೆ ಎಂಬುದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋಗಿ. ಯಾವ ಎತ್ತರಕ್ಕೆ ಬಟ್ಟೆಯ ಕೆಳಗೆ ಹನಿ ಕಾಣಿಸಿತೋ ಅದೇ ಅದರ ಅಳತೆ. ಹಗುರ ಟೆಂಟುಗಳ ಹೊರಹೊದಿಕೆ ಸಾಮಾನ್ಯವಾಗಿ 1200ರಿಂದ 3000 ಮಿಲಿಮೀಟರ್ ತಡೆಯುತ್ತದೆ. ಮಳೆಹನಿಗೆ ಇದು ಸಾಕು. ಹಾಗಾಗಿ ಚೆನ್ನಾಗಿರುವ ಬಟ್ಟೆಯ ನಡುವಿನಿಂದ ನೀರು ಇಳಿಯುವುದು ಅಪರೂಪ. ಸೋರುವುದು ಹೊಲಿಗೆಯಲ್ಲಿ. ಸೂಜಿ ಚುಚ್ಚಿದ ಕಡೆಯೆಲ್ಲ ಒಂದೊಂದು ತೂತು ತಾನೆ? ಪಾಲಿಯುರಥೇನ್ ಲೇಪದ ಬಟ್ಟೆಗೆ ಕಾರ್ಖಾನೆಯಲ್ಲೇ ಹೊಲಿಗೆಯ ಮೇಲೆ ಟೇಪು ಅಂಟಿಸಿರುತ್ತಾರೆ. ಸಿಲಿಕೋನ್ ಲೇಪದ ಮೇಲೆ ಆ ಟೇಪು ಹಿಡಿಯುವುದಿಲ್ಲ. ಸಿಲಿಕೋನ್ ಅಂಟನ್ನೇ ಬ್ರಷ್ಷಿನಲ್ಲಿ ಹಚ್ಚಿ ಒಣಗಿಸಬೇಕು. ಇದು ಹೊರಡುವ ಮುನ್ನ ಮನೆಯಲ್ಲಿ ಮಾಡುವ ಕೆಲಸ. ಮಳೆ ಬಂದ ಮೇಲೆ ಆಗುವುದಿಲ್ಲ.

ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಹೊದಿಕೆ ರಾತ್ರಿ ಹತ್ತಕ್ಕೆ ಜೋತುಬಿದ್ದಿರುತ್ತದೆ. ಜೋತುಬಿದ್ದ ಹೊದಿಕೆ ಒಳಪದರಕ್ಕೆ ತಾಗಿದರೆ ತೇವ ಒಳಕ್ಕೆ ದಾಟುತ್ತದೆ. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಎಚ್ಚರವಾದರೆ ಇನ್ನೊಮ್ಮೆ ಹಗ್ಗಗಳನ್ನು ಎಳೆದು ಬಿಗಿಮಾಡಬೇಕು. ಪಾಲಿಯೆಸ್ಟರ್ ಇಷ್ಟು ಹಿಗ್ಗುವುದಿಲ್ಲ.

ಗೂಟವನ್ನು ನೆಟ್ಟಗೆ ಹೊಡೆಯಬಾರದು. ಅದರ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟಿನ ಕಡೆಗೆ ಹೋಗಬೇಕು. ನೆನೆದ ಎರೆಮಣ್ಣಿನಲ್ಲಿ ತಂತಿಯಂಥ ಸಣ್ಣ ಗೂಟ ಬೆಣ್ಣೆಯಲ್ಲಿ ಚುಚ್ಚಿದ ಕಡ್ಡಿಯ ಹಾಗೆ ಎದ್ದುಬರುತ್ತದೆ. ಅಗಲವಾದ, ಉದ್ದನೆಯ ಗೂಟ ಬೇಕು. ಮೇಲೊಂದು ಕಲ್ಲು ಹೇರಬೇಕು. ಟೆಂಟಿನ ತಗ್ಗಾದ, ಕಿರಿದಾದ ತುದಿ ಗಾಳಿ ಬೀಸುವ ದಿಕ್ಕಿಗಿರಬೇಕು, ಬಾಗಿಲು ಅದರ ಮರೆಗೆ.

ಇನ್ನು ಜಾಗ. ಮೆತ್ತಗೆ, ಸಮತಟ್ಟಾಗಿ, ಮಲಗಲು ಹೇಳಿಮಾಡಿಸಿದಂತಿರುವ ತಗ್ಗು ಬಹಳ ಸಲ ನೀರು ನಿಂತು ನಿಂತೇ ಹಾಗಾಗಿರುತ್ತದೆ. ಒಣಗಿ ಬಿರಿದ ಕೆಸರಿನ ಪದರ, ಸಾಲಾಗಿ ಕೂತ ಕಸಕಡ್ಡಿ ಕಂಡರೆ ಅಲ್ಲಿ ಮಲಗಬಾರದು. ಒಣಹಳ್ಳದ ಮರಳಂತೂ ಬೇಡವೇ ಬೇಡ. ಎಲ್ಲೋ ಮೇಲೆ ಸುರಿದ ಮಳೆ ಇಲ್ಲಿ ಹನಿಯೂ ಬೀಳದಿದ್ದಾಗ ಹಳ್ಳವಾಗಿ ಬಂದೀತು. ಎಲ್ಲಕ್ಕಿಂತ ಒಳ್ಳೆಯದು ಹೊಲದವರನ್ನೇ ಕೇಳುವುದು: "ಮಳೆ ಬಂದ್ರೆ ನೀರು ಎಲ್ಲಿ ನಿಲ್ತದಣ್ಣ?" ಟೆಂಟಿನ ಕೆಳಗೆ ಹಾಸುವ ಶೀಟು ಟೆಂಟಿಗಿಂತ ಒಂದು ಬೆರಳೂ ಆಚೆ ಚಾಚಿರಬಾರದು. ಚಾಚಿದರೆ ಮೇಲಿಂದ ಇಳಿದ ನೀರನ್ನು ಅದೇ ಹಿಡಿದು ನಮ್ಮ ಬೆನ್ನಡಿಗೆ ತಂದು ನಿಲ್ಲಿಸುತ್ತದೆ.

ಒಂದು ಎಚ್ಚರಿಕೆ. ಸಿಡಿಲಿಗೆ ಟೆಂಟು ರಕ್ಷಣೆಯಲ್ಲ. ಬಯಲಿನ ಒಂಟಿ ಮರ, ಗುಡ್ಡದ ನೆತ್ತಿ ಇನ್ನೂ ಅಪಾಯ. ಗುಡುಗು ಕೇಳಿದೊಡನೆ ಗಟ್ಟಿ ಕಟ್ಟಡಕ್ಕೋ, ಕಿಟಕಿ ಮುಚ್ಚಿದ ಕಾರು ಬಸ್ಸಿಗೋ ಸೇರಿಕೊಳ್ಳಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಹವಾಮಾನ ಇಲಾಖೆ ಕಿತ್ತಳೆ, ಕೆಂಪು ಎಚ್ಚರಿಕೆ ಕೊಟ್ಟ ದಿನ ಹೊರಡದೇ ಇರುವುದೇ ಪ್ರಜ್ಞೆ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲಿನ ಸೂಚನೆ ಕೊಡುತ್ತದೆ. ಹೊಲಕ್ಕೆ ಹೋಗುವ ನಮ್ಮವರ ಫೋನಿನಲ್ಲೂ ಅದು ಇರಲಿ.

ಇದಿಷ್ಟೂ ಧಮ್ಮಪದದ 'ಸುಚ್ಛನ್ನ'.

*4. ಒಳಗಿನ ನೀರು*

ಇಷ್ಟೆಲ್ಲ ಸರಿಯಾಗಿ ಮಾಡಿ ಮಲಗುತ್ತೇವೆ. ಮಳೆ ಜೋರಾಗುತ್ತದೆ. ಭಯದಿಂದ ಬಾಗಿಲಿನ ಜಿಪ್ಪು ತುದಿಯವರೆಗೂ ಎಳೆಯುತ್ತೇವೆ, ಮೇಲಿನ ಗಾಳಿಕಿಂಡಿಯನ್ನೂ ಮುಚ್ಚುತ್ತೇವೆ. ಬೆಳಗಿನ ಜಾವ ಎಚ್ಚರವಾಗಿ ಕೈ ಚಾಚಿದರೆ ಮೇಲ್ಬಟ್ಟೆ ತೊಟ್ಟಿಕ್ಕುತ್ತಿರುತ್ತದೆ. ಮಲಗುವ ಚೀಲದ ಕಾಲಿನ ಭಾಗ ಒದ್ದೆ. ಮೊದಲು ಬರುವ ಮಾತು: "ಟೆಂಟು ಸೋರುತ್ತಿದೆ."

ಸೋರುತ್ತಿಲ್ಲ. ಅದು ನಮ್ಮದೇ ಉಸಿರು.

ಒಬ್ಬ ಮನುಷ್ಯ ಮಲಗಿದ ಒಂದು ರಾತ್ರಿಯಲ್ಲಿ ಉಸಿರಿನಿಂದ, ಚರ್ಮದಿಂದ ಕಾಲು ಲೀಟರಿನಷ್ಟು ನೀರನ್ನು ಆವಿಯಾಗಿ ಹೊರಬಿಡುತ್ತಾನೆ. ಒದ್ದೆ ಬಟ್ಟೆ, ಒದ್ದೆ ಬೂಟು ಒಳಗಿಟ್ಟರೆ ಅದರ ನೀರೂ ಸೇರುತ್ತದೆ. ಅಡಿಯ ನೆಲ ನೆನೆದಿದ್ದರೆ ಅದರ ತೇವವೂ ಮೇಲೇಳುತ್ತದೆ. ಈ ಬೆಚ್ಚನೆಯ ಆವಿ ಮಳೆಗೆ ತಣ್ಣಗಾದ ಬಟ್ಟೆಗೆ ತಾಗಿದೊಡನೆ ಹನಿಗಟ್ಟುತ್ತದೆ. ನಾವು ಮಕ್ಕಳಿಗೆ ಸಾಂದ್ರೀಕರಣ ಎಂದು ಪಾಠ ಮಾಡುವುದು ಇದನ್ನೇ. ಇಡ್ಲಿ ಪಾತ್ರೆಯ ಮುಚ್ಚಳ ಮಗುಚಿದರೆ ಸುರಿಯುವ ನೀರು ಇದೇ. ಮಳೆಗಾಲದಲ್ಲಿ ಎಲ್ಲ ಕಿಟಕಿ ಮುಚ್ಚಿದ ಬಸ್ಸಿನ ಗಾಜು ಮಂಜಾಗಿ ಡ್ರೈವರ್ ಬಟ್ಟೆಯಲ್ಲಿ ಒರೆಸುತ್ತಾನಲ್ಲ, ಅದೂ ಇದೇ. ಆ ಗಾಜಿನ ಮೇಲಿರುವುದು ಪ್ರಯಾಣಿಕರ ಉಸಿರು.

ಇನ್ನೊಂದು ಸೋಜಿಗ ಇದೆ. ಮಳೆ ಬಿರುಸಾದಾಗ ಮುಖದ ಮೇಲೆ ಸಣ್ಣ ತುಂತುರು ಬಿದ್ದಂತಾಗುತ್ತದೆ. ಬಟ್ಟೆಯನ್ನು ತೂರಿಕೊಂಡು ಮಳೆ ಬರುತ್ತಿದೆ ಎಂದುಕೊಳ್ಳುತ್ತೇವೆ. ಬಹುಪಾಲು ಅದೂ ಒಳಗಿನ ನೀರೇ. ಹೊರಗೆ ಬಡಿದ ಹನಿಯ ಪೆಟ್ಟಿಗೆ ಬಟ್ಟೆ ನಡುಗಿ, ಒಳಗೆ ಕೂತಿದ್ದ ಹನಿ ನಮ್ಮ ಮೇಲೆ ಉದುರುತ್ತದೆ. ಪೆಟ್ಟು ಹೊರಗಿನದು, ನೀರು ಒಳಗಿನದು.

ಪರಿಹಾರ ಮನಸ್ಸಿಗೆ ಒಗ್ಗುವಂಥದ್ದಲ್ಲ. ಮಳೆ ಸುರಿಯುತ್ತಿರುವಾಗಲೇ ಗಾಳಿಕಿಂಡಿ ತೆರೆಯಬೇಕು. ಒಳಗಿನ ಆವಿ ಹೊರಹೋಗಲು ದಾರಿ ಬಿಡಬೇಕು. ಕೆಳಗಿನಿಂದ ಸ್ವಲ್ಪ ಗಾಳಿ ಬಂದು ಮೇಲಿನಿಂದ ಹೋಗುವಂತಿರಬೇಕು. ಒದ್ದೆ ಸಾಮಾನನ್ನು ಹೊರಪದರದ ಅಡಿಯಲ್ಲಿ, ಬಾಗಿಲ ಹೊರಗಿಡಬೇಕು. ಒಂದು ಚಿಕ್ಕ ಬಟ್ಟೆಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಆಗಾಗ ಮೇಲ್ಬಟ್ಟೆ ಒರೆಸಬೇಕು. ಮುಚ್ಚಿದ ಟೆಂಟಿನೊಳಗೆ ಸ್ಟೌವ್ ಹಚ್ಚುವುದಂತೂ ಕೂಡದು. ತೇವ ಹೆಚ್ಚುವುದು ಸಣ್ಣ ಮಾತು. ಬೆಂಕಿ ಹತ್ತಬಹುದು, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲಬಹುದು.

ತಂಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಧಮ್ಮಪದ ಮಾತಾಡುತ್ತಿರುವುದು ಹೊರಗಿನಿಂದ ನುಗ್ಗುವ ನೀರಿನ ಬಗ್ಗೆ. ಅದಕ್ಕೆ ಹೊದಿಕೆ ಗಟ್ಟಿ ಬೇಕು. ಉದಾನ ಮಾತಾಡುತ್ತಿರುವುದು ಒಳಗೆ ಅಡಗಿಸಿ ಇಟ್ಟುಕೊಂಡದ್ದರ ಬಗ್ಗೆ. ಅದಕ್ಕೆ ಕಿಂಡಿ ಬೇಕು. ಟೆಂಟಿಗೆ ಎರಡೂ ಬೇಕು.

*5. ಒರೆಸಿ ನೋಡುವುದು*

ನೀರು ಕಂಡೊಡನೆ ತೀರ್ಮಾನಕ್ಕೆ ಬರಬಾರದು. ಪರೀಕ್ಷೆ ಸುಲಭ. ಮೇಲ್ಬಟ್ಟೆಯ ತುಂಬ ಒಂದೇ ಸಮನೆ ಸಣ್ಣ ಹನಿಗಳಿದ್ದರೆ ಅದು ಉಸಿರು. ಒಂದೇ ಕಡೆ, ಹೊಲಿಗೆಯ ಗೆರೆಗುಂಟ ಇಳಿಯುತ್ತಿದ್ದರೆ ಸೋರಿಕೆ. ಮೂಲೆಯಲ್ಲಿ ಮಡುಗಟ್ಟಿದ್ದರೆ ನೆಲದ ನೀರು. ಒರೆಸಿ, ಸ್ವಲ್ಪ ಹೊತ್ತು ಕಾದು, ಎಲ್ಲಿ ಮೊದಲು ಹನಿ ಕಾಣಿಸಿತು ಎಂದು ಟಾರ್ಚಿನಲ್ಲಿ ನೋಡಬೇಕು. ದುಃಖವಿದೆ, ಅದಕ್ಕೆ ಕಾರಣವಿದೆ, ಕಾರಣ ತೆಗೆದರೆ ದುಃಖ ಹೋಗುತ್ತದೆ, ತೆಗೆಯುವ ದಾರಿ ಇದೆ ಎಂದು ಬುದ್ಧಗುರು ತೋರಿಸಿದ ಕ್ರಮ ಇದೇ ತಾನೆ? ಕಾರಣವನ್ನು ತಪ್ಪಾಗಿ ಗುರುತಿಸಿದರೆ ಔಷಧವೂ ತಪ್ಪುತ್ತದೆ. ಉಸಿರಿನ ನೀರನ್ನು ಮಳೆ ಎಂದುಕೊಂಡವನು ಇನ್ನಷ್ಟು ಬಿಗಿಯಾಗಿ ಮುಚ್ಚಿ ಇನ್ನಷ್ಟು ತೊಯ್ಯುತ್ತಾನೆ. ಸೋರಿಕೆಯನ್ನು ಉಸಿರು ಎಂದುಕೊಂಡವನು ಕಿಂಡಿ ತೆರೆದು ಸುಮ್ಮನೆ ಕೂತಿರುತ್ತಾನೆ, ತೂತು ಹಾಗೇ ಇರುತ್ತದೆ.

ನಮ್ಮ ಸಮುದಾಯದ ಎದುರು ಈ ಎರಡೂ ತಪ್ಪು ಮಾತುಗಳನ್ನು ಆಡುವವರಿದ್ದಾರೆ.

ಮೊದಲನೆಯದು ಹೊರಗಿನವರು ಆಡುವ ಮಾತು. ನಿಮ್ಮ ಕಷ್ಟಕ್ಕೆ ನಿಮ್ಮದೇ ಕರ್ಮ ಕಾರಣ, ನೀವು ಸರಿಯಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಇದು ಸೋರುವ ಸೂರಿನಡಿ ಮಲಗಿದವನಿಗೆ ಅವನ ಉಸಿರೇ ಕಾರಣ ಎಂದಂತೆ. ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಬಡತನ, ಕೀಳುತನ ಎಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒಪ್ಪಲಿಲ್ಲ. ಅಸ್ಪೃಶ್ಯತೆ ಹೊರಗಿನಿಂದ ಸುರಿದ ಮಳೆ. ಅದಕ್ಕೆ ಹೊದಿಕೆ ಬೇಕು. ಸಂವಿಧಾನದ 17ನೇ ವಿಧಿ, 1989ರ ದೌರ್ಜನ್ಯ ತಡೆ ಕಾಯ್ದೆ, ಶಿಕ್ಷಣ, ಸಂಘಟನೆ ಇವೆಲ್ಲ ನಮ್ಮ ಬಟ್ಟೆ, ಹೊಲಿಗೆ, ಗೂಟ. ದೂರು ಕೊಡಬೇಕಾದಲ್ಲಿ ಧ್ಯಾನ ಮಾಡು ಎನ್ನುವುದು ಧಮ್ಮವಲ್ಲ.

ಎರಡನೆಯದು ನಾವೇ ಆಡಿಕೊಳ್ಳುವ ಮಾತು. ನಮ್ಮ ಮೇಲಿರುವ ನೀರೆಲ್ಲ ಹೊರಗಿನದೇ, ಒಳಗಿನದು ಯಾವುದೂ ಇಲ್ಲ ಎನ್ನುವುದು.

*6. ನಮ್ಮೊಳಗಿನ ತೇವ*

ಉಪೋಸಥ ಸುತ್ತದ ಸಂದರ್ಭವನ್ನು ನೆನೆಯಿರಿ. ಸಾವತ್ಥಿಯ ಪುಬ್ಬಾರಾಮ. ಉಪೋಸಥದ ರಾತ್ರಿ. ಪಾತಿಮೋಕ್ಖ ಹೇಳಿಕೊಡಿ ಎಂದು ಆನಂದರು ರಾತ್ರಿಯ ಮೂರು ಜಾವದಲ್ಲೂ ಒಂದೊಂದು ಸಲ ಕೇಳುತ್ತಾರೆ. ಬುದ್ಧಗುರು ಮೊದಲೆರಡು ಸಲ ಮೌನ. ಮೂರನೆಯ ಸಲ ಕಾರಣ ಹೇಳುತ್ತಾರೆ: ಸಭೆ ಶುದ್ಧವಾಗಿಲ್ಲ. ಒಳಗೆ ತಪ್ಪು ಬಚ್ಚಿಟ್ಟುಕೊಂಡು ಭಿಕ್ಖುವೆಂದು ಕೂತವನೊಬ್ಬನಿದ್ದ. ಮೊಗ್ಗಲ್ಲಾನರು ಅವನನ್ನು ತೋಳು ಹಿಡಿದು ಹೊರಗೆ ಕಳಿಸುತ್ತಾರೆ. ಆಮೇಲೆ ಬುದ್ಧಗುರು ಮಹಾಸಮುದ್ರದ ಎಂಟು ಆಶ್ಚರ್ಯಗಳನ್ನು ಹೇಳುತ್ತಾರೆ. ಅದರಲ್ಲೊಂದು ನಮಗೆಲ್ಲ ಬಾಯಿಪಾಠ: ನದಿಗಳು ಸಮುದ್ರ ಸೇರಿದ ಮೇಲೆ ಹಳೆಯ ಹೆಸರು ಕಳೆದುಕೊಳ್ಳುವ ಹಾಗೆ, ನಾಲ್ಕು ವರ್ಣದವರೂ ಸಂಘ ಸೇರಿದ ಮೇಲೆ ಹಳೆಯ ಕುಲದ ಹೆಸರು ಕಳೆದುಕೊಳ್ಳುತ್ತಾರೆ. ಮಳೆಯ ಆ ತಿರುಗುಮುರುಗು ಹೋಲಿಕೆ ಬರುವುದು ಇದೇ ಸುತ್ತದ ಕೊನೆಯಲ್ಲಿ. ಕುಲದ ಹೆಸರು ಬಿಡುವುದು ಮತ್ತು ಅಡಗಿಸಿದ್ದನ್ನು ತೆರೆಯುವುದು, ಎರಡೂ ಒಂದೇ ರಾತ್ರಿಯ ಪಾಠ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಮಾನತೆಯ ಪ್ರತಿಜ್ಞೆಯೂ ಇದೆ. ನಾವು ಅದನ್ನು ವರ್ಷವರ್ಷವೂ ಎದ್ದುನಿಂತು ಹೇಳುತ್ತೇವೆ. ಆದರೆ ಮಕ್ಕಳ ಮದುವೆ ಮಾತು ಬಂದಾಗ ಏನಾಗುತ್ತದೆ? ಎರಡೂ ಮನೆಯ ಗೋಡೆಯ ಮೇಲೆ ಅದೇ ಬುದ್ಧ, ಅದೇ ಬಾಬಾಸಾಹೇಬ್. ಎರಡೂ ಮನೆಯಲ್ಲಿ ತ್ರಿಸರಣ, ಪಂಚಶೀಲ. ಆದರೆ ಒಂದು ಎಡಗೈ ಮನೆ, ಇನ್ನೊಂದು ಬಲಗೈ ಮನೆ ಎಂದು ಗೊತ್ತಾದ ಕೂಡಲೇ ಹಿರಿಯರ ದನಿ ತಗ್ಗುತ್ತದೆ. "ಹುಡುಗ ಒಳ್ಳೆಯವನೇ, ಆದರೆ ನಮ್ಮವರು ಒಪ್ಪಲ್ಲ." ಈ 'ನಮ್ಮವರು' ಯಾರು ಎಂದು ಯಾರೂ ಕೇಳುವುದಿಲ್ಲ. ಒಳಮೀಸಲಾತಿಯ ಪ್ರಶ್ನೆ ಬೇರೆ. ಅದು ಸರ್ಕಾರದ ಮುಂದಿರುವ ಪಾಲಿನ, ನ್ಯಾಯದ ಪ್ರಶ್ನೆ. ಅದನ್ನು ಈ ಮಾತಿಗೆ ಬೆರೆಸಬೇಡಿ. ನಾನು ಹೇಳುತ್ತಿರುವುದು ಅಡುಗೆಮನೆಯ, ಮದುವೆಮನೆಯ ಮಾತು.

ಇನ್ನೂ ಇವೆ. ಬುದ್ಧ ವಂದನೆ ಮುಗಿಸಿ ಗೃಹಪ್ರವೇಶಕ್ಕೆ ಗುಟ್ಟಾಗಿ ಪಂಚಾಂಗ ನೋಡಿಸುವುದು. ಸಭೆಯಲ್ಲಿ ಹೆಣ್ಣುಮಕ್ಕಳು ಚಹಾ ಕೊಟ್ಟು ಒಳಗೆ ಹೋಗುವುದು, ಗಂಡಸರು ಸಮತೆಯ ಬಗ್ಗೆ ಮಾತಾಡುವುದು. ಇವನ್ನು ಯಾರಾದರೂ ಎತ್ತಿದರೆ ಬರುವ ಉತ್ತರ ಒಂದೇ: "ಈಗ ಬೇಡ. ಹೊರಗೆ ನಮ್ಮ ಮೇಲೆ ಇಷ್ಟೆಲ್ಲ ದಾಳಿ ನಡೆಯುತ್ತಿದೆ. ಈಗ ಒಗ್ಗಟ್ಟು ಮುಖ್ಯ."

ಮಳೆ ಜೋರಾಗಿದೆ, ಕಿಂಡಿ ಮುಚ್ಚಿ ಎಂಬ ಮಾತೇ ಇದು. ಆದರೆ ಆಗಲೇ ತೇವ ಹೆಚ್ಚುವುದು. ಹೊರಗಿನ ಪೆಟ್ಟು ಬಿದ್ದಾಗ ಒಳಗಿನ ಹನಿ ನಮ್ಮವರದೇ ಮುಖದ ಮೇಲೆ ಉದುರುವುದು. ದೌರ್ಜನ್ಯವಾದ ಕೇರಿಗೆ ಎಲ್ಲರೂ ಒಟ್ಟಿಗೆ ಹೋಗಬೇಕಾದ ದಿನ, ಅದು ಅವರ ಕೇರಿ, ನಮ್ಮದಲ್ಲ ಎಂದು ಕೆಲವರು ಮನೆಯಲ್ಲೇ ಉಳಿದರೆ, ಅಂದಿನ ಒಗ್ಗಟ್ಟು ಎಲ್ಲಿ ಹೋಯಿತು?

ಹಾಗಂತ ಈ ತೇವ ನಮ್ಮಲ್ಲೇ ಹುಟ್ಟಿದ್ದು ಎಂದೂ ಅಲ್ಲ. ಉಸಿರಿನಲ್ಲಿ ಹೊರಬರುವ ನೀರು ನಾವು ಹಗಲಿನಲ್ಲಿ ಕುಡಿದ ನೀರೇ. ಜಾತಿಯೂ ಹಾಗೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದನ್ನು. ಪ್ರತಿಯೊಬ್ಬರಿಗೂ ತಮಗಿಂತ ಕೆಳಗೆ ಇನ್ನೊಬ್ಬರನ್ನು ತೋರಿಸಿಕೊಟ್ಟು ಆ ವ್ಯವಸ್ಥೆ ಬದುಕಿದೆ. ಹೊರಗಿನಿಂದ ತಲೆಮಾರುಗಳ ಕಾಲ ಕುಡಿಸಿದ್ದನ್ನೇ ನಾವು ಒಳಗೆ ಉಸಿರಾಡುತ್ತಿದ್ದೇವೆ. ಕುಡಿಸಿದವರು ಬೇರೆ ಇರಬಹುದು, ಒರೆಸಬೇಕಾದ ಕೈ ಮಾತ್ರ ನಮ್ಮದು. ಟೆಂಟಿನೊಳಗೆ ಇರುವವರು ನಾವೇ ಅಲ್ಲವೇ?

*7. ಕಿಂಡಿ ಎಲ್ಲಿ ತೆರೆಯಬೇಕು?*

ಬಿರುಗಾಳಿಯಲ್ಲಿ ಬಾಗಿಲನ್ನೇ ಹಾರುಹೊಡೆದು ಮಲಗು ಎಂದು ಯಾರೂ ಹೇಳುವುದಿಲ್ಲ. ಕಿಂಡಿಯನ್ನು ಎತ್ತರದಲ್ಲಿ ಇಟ್ಟಿರುತ್ತಾರೆ. ಅದರ ಮೇಲೆ ಟೋಪಿಯಂಥ ಮರೆ ಇರುತ್ತದೆ. ತೆರೆಯುವುದು ಗಾಳಿ ಬಡಿಯುವ ಕಡೆಯಲ್ಲ, ಅದರ ಮರೆಯ ಕಡೆ. ನಮ್ಮ ಒಳಮಾತಿಗೂ ಇದೇ ಕ್ರಮ ಇರಲಿ. ನಮ್ಮನ್ನು ಕೆಡವಲು ಕಾಯುತ್ತಿರುವವರ ಎದುರಿಗೆ, ಫೇಸ್‌ಬುಕ್ಕಿನ ಜಗಳದಲ್ಲಿ ತೆರೆಯುವುದಲ್ಲ. ಕಲ್ಯಾಣಮಿತ್ರರ ನಡುವೆ, ಇಂಥ ಬಳಗದಲ್ಲಿ ತೆರೆಯುವುದು.

ಸಂಘಕ್ಕೆ ಈ ಕಿಂಡಿಯನ್ನು ಬುದ್ಧಗುರುವೇ ಇಟ್ಟುಕೊಟ್ಟರು. ವಿನಯದ ಮಹಾವಗ್ಗದಲ್ಲಿ ಆ ಕಥೆ ಇದೆ. ಕೋಸಲ ದೇಶದಲ್ಲಿ ಕೆಲವು ಭಿಕ್ಖುಗಳು ಒಟ್ಟಿಗೆ ವರ್ಷಾವಾಸಕ್ಕೆ ಕೂತರು. ಜಗಳವಾಗದಿರಲಿ ಎಂದು ಮೂರು ತಿಂಗಳು ಒಬ್ಬರೊಡನೊಬ್ಬರು ಮಾತೇ ಆಡದಿರಲು ನಿಶ್ಚಯಿಸಿದರು. ಕೆಲಸಗಳನ್ನು ಸನ್ನೆಯಲ್ಲೇ ನಡೆಸಿಕೊಂಡರು. ಮಳೆಗಾಲ ಮುಗಿದು ಸಾವತ್ಥಿಗೆ ಬಂದು, ನಾವು ಸುಖವಾಗಿ, ಒಗ್ಗಟ್ಟಾಗಿ ಇದ್ದೆವು ಎಂದರು. ಬುದ್ಧಗುರು ಮೆಚ್ಚಲಿಲ್ಲ. ಮಾತಿಲ್ಲದ ಆ ಸಹವಾಸವನ್ನು ಪಶುಗಳ ಸಹವಾಸಕ್ಕೆ ಹೋಲಿಸಿದರು. ಆಗ ಹುಟ್ಟಿದ್ದು ಪವಾರಣೆಯ ವಿಧಿ. ವರ್ಷಾವಾಸದ ಕೊನೆಗೆ ಪ್ರತಿಯೊಬ್ಬ ಭಿಕ್ಖುವೂ, ಹಿರಿಯರೂ ಸಹ, ಸಂಘದ ಮುಂದೆ ಕೈಮುಗಿದು ಕೇಳಿಕೊಳ್ಳಬೇಕು: ನನ್ನಲ್ಲಿ ನೀವು ಕಂಡ, ಕೇಳಿದ, ಶಂಕಿಸಿದ ತಪ್ಪು ಇದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು.

ಗಮನಿಸಿ. ತಪ್ಪು ಮಾಡಿದವನನ್ನು ಹಿಡಿದು ಕೇಳುವ ವಿಧಿ ಇದಲ್ಲ. ತಾನೇ ಮುಂದೆ ಬಂದು ಕೇಳಿಕೊಳ್ಳುವ ವಿಧಿ. ಕಿಂಡಿಯ ಜಿಪ್ಪು ಒಳಗಿನಿಂದ ತೆರೆಯುವಂಥದ್ದು. ಹೊರಗಿನಿಂದ ಯಾರೋ ಹರಿದರೆ ಅದು ಕಿಂಡಿಯಾಗುವುದಿಲ್ಲ, ತೂತಾಗುತ್ತದೆ.

ಕೊನೆಯದಾಗಿ ಒಂದು ಮಾತು. ಒದ್ದೆ ಟೆಂಟನ್ನು ಮಡಚಿ ಚೀಲದಲ್ಲಿಟ್ಟು ಮರೆತರೆ ಬೂಷ್ಟು ಹಿಡಿಯುತ್ತದೆ. ಪಾಲಿಯುರಥೇನ್ ಲೇಪ ತೇವದಲ್ಲಿ ಕೆಟ್ಟು ಅಂಟಂಟಾಗಿ ನಾರತೊಡಗುತ್ತದೆ. ಮುಂದಿನ ಮಳೆಗೆ ಆ ಬಟ್ಟೆ ಸೋರುತ್ತದೆ. ಅಂದರೆ ಒಳಗಿನ ತೇವವನ್ನು ಒಣಗಿಸದೆ ಬಿಟ್ಟರೆ ಅದು ಹೊರಗಿನ ಮಳೆಯನ್ನು ತಡೆಯುವ ಶಕ್ತಿಯನ್ನೇ ತಿಂದುಹಾಕುತ್ತದೆ. ಊರಿಗೆ ಬಂದ ದಿನವೇ ನೆರಳಲ್ಲಿ ಹರಡಿ ಒಣಗಿಸಬೇಕು. ಕಡುಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೂ ಬಟ್ಟೆ ಹಾಳು. ಒಳಗಿನ ಮಾತು ಮೊದಲೋ, ಹೊರಗಿನ ಹೋರಾಟ ಮೊದಲೋ ಎಂದು ವಾದಿಸುವವರಿಗೆ ನಾನು ಹೇಳುವುದು ಇಷ್ಟೇ: ಬಟ್ಟೆ ಒಂದೇ.

*ಇಂದಿನ ಅಭ್ಯಾಸ*

ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಆನಾಪಾನಸತಿಯಲ್ಲಿ ಕೂರಿ. ಬರುವ ಉಸಿರು, ಹೋಗುವ ಉಸಿರು ಗಮನಿಸಿ. ನಂತರ ಈ ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ.

1. ಈ ವಾರ ನನ್ನನ್ನು ನೋಯಿಸಿದ್ದರಲ್ಲಿ ಹೊರಗಿನ ಮಳೆ ಯಾವುದು? ಅದನ್ನು ತಡೆಯಲು ಯಾವ ಗೂಟ ಬಿಗಿಯಬೇಕು, ಯಾರ ನೆರವು ಕೇಳಬೇಕು?

2. ಯಾವ ನೋವು ನನ್ನದೇ ಉಸಿರು? ಎಲ್ಲಿ ಅದನ್ನು ಮಳೆ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ?

3. "ಈಗ ಬೇಡ" ಎಂದು ನಾನು ಯಾರ ಬಾಯಿ ಮುಚ್ಚಿಸಿದ್ದೇನೆ? ಹೆಂಡತಿಯದೋ, ಮಗಳದೋ, ಇನ್ನೊಂದು ಕೇರಿಯ ಗೆಳೆಯನದೋ?

ಮೂರನೆಯ ಪ್ರಶ್ನೆಗೆ ಒಂದು ಹೆಸರು ನೆನಪಾದರೆ, ನಾಳೆ ಅವರ ಬಳಿ ಹೋಗಿ ಕೂತು "ಹೇಳು, ಕೇಳುತ್ತೇನೆ" ಎನ್ನಿ. ಉತ್ತರ ಕೊಡುವ ಅವಸರ ಬೇಡ.

ಬರುವ ಆಶ್ವಿನ ಹುಣ್ಣಿಮೆಗೆ ವರ್ಷಾವಾಸ ಮುಗಿಯುತ್ತದೆ. ಅಂದು ನಮ್ಮ ಬಳಗದಲ್ಲೂ ಗೃಹಸ್ಥರ ಮಟ್ಟಿಗೆ ಒಂದು ಚಿಕ್ಕ ಪವಾರಣೆ ಮಾಡೋಣ ಎಂಬುದು ನನ್ನ ಸಲಹೆ. ಹಿರಿಯರಿಂದ ಶುರುವಾಗಲಿ. ಅಂದು ಚಹಾ ಗಂಡಸರು ಮಾಡಲಿ. ಒಪ್ಪಿಗೆ ಇದ್ದವರು ಭಾನುವಾರದ ವಂದನೆಯ ಹೊತ್ತಿಗೆ ತಿಳಿಸಿ. ಒಪ್ಪಿಗೆ ಇಲ್ಲದವರು ಏಕೆ ಇಲ್ಲ ಎಂಬುದನ್ನು ಇನ್ನೂ ಮುಖ್ಯವಾಗಿ ತಿಳಿಸಿ.

ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.